ಒಂಬತ್ತನೆಯ ಪುಟದಲ್ಲಿ ಸತ್ತವಳು

ಹೆನ್ರಿಕ್ ಎಂಬ ಜರ್ಮನಿಯವನು ವುಸಾಕಿಲೆ ಬಡಾವಣೆಯ ನಮ್ಮ ಮನೆಗೆ ಬಂದಾಗ ನಾನು ರೇಡಿಯೋದಿಂದ ನಿವೃತ್ತನಾಗಿ ಹನ್ನೊಂದು ವರ್ಷವಾಗಿತ್ತು. ಕಿಟ್ವೆ ಎಂಬ ನಮ್ಮ ಗಣಿ ಊರಿನ ಜನ ನನ್ನ ಮುಖ ಮರೆತಿದ್ದರು. ಬಸ್ಸಿನಲ್ಲೋ ಅಂಗಡಿಯಲ್ಲೋ ಬಾಯಿ ತೆರೆದರೆ ಮಾತ್ರ, “ಅಯ್ಯೋ, ಬಾ ರೇಡಿಯೋ ಅಲ್ವಾ! ಇನ್ನೂ ಇದೀರಾ?” ಎಂದು ತಿರುಗಿ ನೋಡುತ್ತಿದ್ದರು. ‘ಬಾ’ ಎಂಬುದು ನಮ್ಮ ಮಾತಿನಲ್ಲಿ ಹಿರಿಯರ ಹೆಸರಿನ ಮುಂದೆ ಇಡುವ ಗೌರವದ ಪದ. ವೆಡ್ಸನ್ ಕಸೊಂಡೆ ಎಂಬ ನನ್ನ ಹೆಸರನ್ನು ಕರೆಯುವವಳು ನನ್ನ ಹೆಂಡತಿ ಲಿಸ್ಟರ್ ಒಬ್ಬಳೇ.

ಹೆನ್ರಿಕ್‌ನನ್ನು ಕರೆತಂದವನು ರಾಬ್ಸನ್ ಲೊಂಬೆ. ಎಪ್ಪತ್ತರ ದಶಕದಲ್ಲಿ ‘ಬರ್ನಿಂಗ್ ಸ್ಲ್ಯಾಗ್’ ಎಂಬ ರಾಕ್ ಆ್ಯಂಡ್ ರೋಲ್ ತಂಡ ಕಟ್ಟಿದವನು, ಅದರ ಗಿಟಾರ್ ನುಡಿಸಿದವನು. ಗಣಿಯವರು ಕರಿಗುಡ್ಡದ ಮೇಲೆ ತಾಮ್ರ ಕರಗಿಸಿ ಉಳಿದ ಕುದಿಯುವ ಕಿಟ್ಟ ಸುರಿಯುವಾಗ ಆಕಾಶ ಕೆಂಪಾಗುತ್ತದಲ್ಲ, ಆ ಬೆಂಕಿಯ ಹೆಸರನ್ನೇ ತಂಡಕ್ಕೆ ಇಟ್ಟಿದ್ದ. ಐದು ವರ್ಷ ನುಡಿಸಿದರು, ಎರಡು ದೊಡ್ಡ ರೆಕಾರ್ಡು, ಆರು ಸಣ್ಣವು ತಂದರು. ನನ್ನ ಶನಿವಾರದ ಕಾರ್ಯಕ್ರಮದಲ್ಲಿ ಅವರ ಹಾಡು ಹಾಕದಿದ್ದರೆ ಗಣಿ ಹುಡುಗರು ಸ್ಟೇಷನ್ನಿನ ಕಿಟಕಿಗೆ ಕಲ್ಲು ಹೊಡೆಯುತ್ತಿದ್ದರು. ಆಮೇಲೆ ತಾಮ್ರದ ಬೆಲೆ ಬಿತ್ತು, ತಂಡವೂ ಬಿತ್ತು.

ಈಗ ಹೆನ್ರಿಕ್ ಅವುಗಳಿಂದ ಹನ್ನೆರಡು ಹಾಡು ಆರಿಸಿ ತನ್ನ ದೇಶದಲ್ಲಿ ಮಾರಲು ಹೊಸ ಆಲ್ಬಮ್ ಮಾಡಲು ಹೊರಟಿದ್ದ. ಅದರೊಳಗಿಡುವ ಪುಸ್ತಿಕೆಗೆ ತಂಡದ ಕಥೆ ಬೇಕಿತ್ತು. ಕಣ್ಣಾರೆ ಕಂಡವರೇ ಬರೆಯಬೇಕು ಎಂದ.

“ಬೇರೆಯವರನ್ನೂ ಭೇಟಿ ಮಾಡಬಹುದಾ?” ಎಂದು ಅವನು ಕೇಳಿದ.

ರಾಬ್ಸನ್ ತಲೆ ಬಗ್ಗಿಸಿದ. “ಎಲ್ರೂ ಹೋದ್ರು. ಡ್ರಮ್ಸ್‌ನವನು ಎಂಬತ್ತೊಂಬತ್ತರಲ್ಲಿ. ಬೇಸ್ ಗಿಟಾರಿನವನು ತೊಂಬತ್ತೆರಡರಲ್ಲಿ. ಹಾಡ್ತಿದ್ದ ನಮ್ಮ ವೈಲೆಟ್ ಅವರಿಬ್ಬರ ಮಧ್ಯೆ, ತೊಂಬತ್ತೊಂದರ ಮಾರ್ಚಿನಲ್ಲಿ.”

ವೈಲೆಟ್ ಎಂದರೆ ಡೈಲೆಸ್ ಚಿತಾಲು. ವೈಲೆಟ್ ಎಂಬುದು ವೇದಿಕೆಗೆ ರಾಬ್ಸನ್ ಇಟ್ಟ ಹೆಸರು. ಅವಳು ಸತ್ತದ್ದನ್ನು ನಾನು ಕೇಳಿರಲಿಲ್ಲ. ಆದರೆ ಏಡ್ಸ್ ಹರಡಿದ್ದ ಆ ವರ್ಷಗಳಲ್ಲಿ ನಮ್ಮ ಬೀದಿಯಿಂದ ವಾರಕ್ಕೆ ಮೂರು ಹೆಣ ಹೋಗುತ್ತಿದ್ದವು. ಯಾರಾದರೂ ಸತ್ತರು ಎಂದರೆ ಹೌದಾ ಎನ್ನುತ್ತಿದ್ದೆವು, ಅಷ್ಟೆ.

“ನೀವು ಅವಳ ಮಣ್ಣಿಗೆ ಹೋಗಿದ್ರಾ, ಮಿಸ್ಟರ್ ಕಸೊಂಡೆ?” ಹೆನ್ರಿಕ್ ನನ್ನ ಕಡೆ ತಿರುಗಿ ಪೆನ್ನು ಎತ್ತಿಕೊಂಡ.

ಹನ್ನೊಂದು ವರ್ಷದಲ್ಲಿ ನಾನು ಆಡುವ ಮಾತಿಗಾಗಿ ಒಬ್ಬ ಮನುಷ್ಯ ಹಾಗೆ ಬಾಗಿ ಕಾದು ಕೂತದ್ದು ಅದೇ ಮೊದಲು.

“ಹೋಗಿದ್ದೆ,” ಎಂದೆ. “ಶವದ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದೆ.”

ರಾಬ್ಸನ್ ನನ್ನನ್ನು ನೋಡಿದ. ಅವನ ಮುಖದಲ್ಲಿ ಆಶ್ಚರ್ಯವಿತ್ತು, ಆಮೇಲೆ ಸಂತೋಷವಿತ್ತು.

ನಾನು ಬರೆದೆ. ಒಂಬತ್ತನೆಯ ಪುಟ ಪೂರ್ತಿ ಅವಳ ಸಾವಿಗೇ ಹೋಯಿತು. ಎರಡು ದಿನದ ಮಳೆ, ಕೆಸರಿನಲ್ಲಿ ಹೂತುಹೋದ ಲಾರಿ, ಕೂಸಿನಷ್ಟು ಹಗುರವಾದ ಪೆಟ್ಟಿಗೆ, ಅವಳದೇ ಹಾಡನ್ನು ಹಾಡುತ್ತ ಹಿಂದೆ ನಡೆದ ಹೆಂಗಸರು. ಬರೆಯುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಅವಳ ಮನೆಯವರು ಎಲ್ಲಿದ್ದಾರೆಂದು ಕೇಳಿ ತಿಳಿಯಲು ಮಿನಿಬಸ್ಸಿನಲ್ಲಿ ಚಿಸೊಕೊನೆ ಮಾರುಕಟ್ಟೆಯವರೆಗೆ ಹೋಗಿಬಂದಿದ್ದರೆ ಸಾಕಿತ್ತು. ಇಪ್ಪತ್ತು ನಿಮಿಷದ ದಾರಿ. ಹೋಗಲಿಲ್ಲ.

ಎಂಟು ತಿಂಗಳಿಗೆ ರೆಕಾರ್ಡು ಅಚ್ಚಾಗಿ ಬಂತು. ಹೊದಿಕೆಯ ತುಂಬ ಹತ್ತೊಂಬತ್ತು ವರ್ಷದ ಡೈಲೆಸ್: ಗುಂಡಗೆ ಬಿಟ್ಟ ಕೂದಲು, ಎತ್ತರದ ಬೂಟು, ಮೈಕಿನ ಮುಂದೆ ಅಗಲವಾಗಿ ತೆರೆದ ಬಾಯಿ. ರಾಬ್ಸನ್‌ನ ಮೊಣಕೈ ಮತ್ತು ಗಿಟಾರಿನ ತುದಿ ಮಾತ್ರ ಅಂಚಿನಲ್ಲಿ ಉಳಿದಿದ್ದವು. “ಸತ್ತವಳನ್ನೇ ಹಾಕ್ಬೇಕಿತ್ತಾ ಇವನಿಗೆ,” ಎಂದು ಅವನು ಒಂದು ವಾರ ಗೊಣಗಿದ.

ಅದಾಗಿ ಎರಡು ತಿಂಗಳಿಗೆ, ಒಂದು ಬೆಳಗ್ಗೆ ನಮ್ಮ ಗೇಟಿನ ಹೊರಗೆ ಒಬ್ಬ ಹೆಂಗಸು ನಿಂತಿದ್ದಳು. ತಲೆಯ ಮೇಲೆ ಒಣಮೀನಿನ ಬುಟ್ಟಿ, ಸೊಂಟಕ್ಕೆ ಬಣ್ಣ ಹೋದ ಚಿಟೆಂಗೆ ಬಟ್ಟೆ. ಸುಮಾರು ಐವತ್ತೇಳು, ಐವತ್ತೆಂಟು ವಯಸ್ಸು.

“ಯಾರು ಬೇಕಿತ್ತು, ಮಾಯೋ?” ಎಂದೆ, ತಾಯಿ ಎನ್ನುವ ಹಾಗೆ.

“ನೀನೇ ಬೇಕಿತ್ತು, ಬಾ ರೇಡಿಯೋ. ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಹೋದವನು ನೀನೇ ಅಂತೆ. ಭಾರ ಇದ್ನಾ ನಾನು?”

ನಗುವಾಗ ಕೆಳದವಡೆಯ ಎಡಗಡೆ ಕಾಣುವ ಹಲ್ಲಿನ ಸಂದಿ ನೋಡಿದ ಮೇಲೆ ಡೈಲೆಸ್ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಅವಳು ತಾನೇ ಗೇಟು ತೆಗೆದುಕೊಂಡು ಒಳಗೆ ಬಂದು, ಬುಟ್ಟಿ ಇಳಿಸಿ, ಜಗಲಿಯ ಮೇಲೆ ಕೂತಳು. ಲಿಸ್ಟರ್ ಆ ದಿನ ಚರ್ಚಿನ ಹೆಂಗಸರ ಸಭೆಗೆ ಹೋಗಿದ್ದಳು.

ಮಾರುಕಟ್ಟೆಯಲ್ಲಿ ಫೋನ್ ರಿಪೇರಿ ಮಾಡುವ ಒಬ್ಬ, “ಮಾಯೋ, ನಿನ್ನ ಮಗಳ ಫೋಟೋ ವಿದೇಶದಲ್ಲಿ ಬಂದಿದೆ,” ಎಂದು ಅವಳಿಗೆ ಪರದೆಯ ಮೇಲೆ ತೋರಿಸಿದ್ದನಂತೆ. ಆಮೇಲೆ ಕೇಳಿ ಕೇಳಿ ಎಲ್ಲ ತಿಳಿದುಕೊಂಡಿದ್ದಳು.

“ನೀನು ಬರೆದದ್ದನ್ನ ಓದು,” ಎಂದಳು. “ಇಂಗ್ಲಿಷಿನ ಸಣ್ಣ ಅಕ್ಷರ ನನಗೆ ಕಾಣಲ್ಲ. ನಮ್ಮ ಮಾತಿನಲ್ಲಿ ಹೇಳ್ತಾ ಓದು.”

ನಾನು ಒಂಬತ್ತನೆಯ ಪುಟ ಓದಿದೆ. ಮಳೆ ಬಂತು ಎಂದಾಗ ಹೂಂ ಎಂದಳು. ಲಾರಿ ಹೂತುಹೋಯಿತು ಎಂದಾಗ ತೊಡೆ ತಟ್ಟಿ ನಕ್ಕಳು.

“ನನ್ನ ಗಂಡ ಅತ್ನಾ?”

“ಅದು... ಅದನ್ನ ಬರೆದಿಲ್ಲ.”

“ಬರೀಬೇಕಿತ್ತು ಕಣೋ. ಬದುಕಿರೋವರೆಗೆ ಆ ಕುಡುಕ ನನಗೋಸ್ಕರ ಒಂದು ಹನಿ ಹಾಕ್ಲಿಲ್ಲ. ನಿನ್ನ ಪುಸ್ತಕದಲ್ಲಾದ್ರೂ ಅಳ್ತಿದ್ದ.”

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

“ಅದಿರಲಿ. ಹಾಡು ಕಟ್ಟಿದ್ದು ಯಾರು ಅಂತ ಬರೆದಿದೀರಿ?”

ಹನ್ನೆರಡು ಹಾಡಿನ ಕೆಳಗೂ ಒಂದೇ ಹೆಸರಿತ್ತು: ಆರ್. ಲೊಂಬೆ. ಓದಿ ಹೇಳಿದೆ. ಅವಳ ನಗು ನಿಂತಿತು. ಬೆರಳು ಮಡಚುತ್ತ ಏಳು ಹಾಡುಗಳ ಹೆಸರು ಹೇಳಿದಳು. ಒಂದನ್ನು ಬಟ್ಟೆ ಒಗೆಯುತ್ತ ಕಟ್ಟಿದ್ದು, ಒಂದನ್ನು ಅಪ್ಪ ಗಣಿಯೊಳಗೆ ಸಿಕ್ಕಿಬಿದ್ದ ದಿನ ಗೇಟಿನ ಹತ್ತಿರ ಕಾಯುತ್ತ ಕಟ್ಟಿದ್ದು. ಹೊಟ್ಟೆಯಲ್ಲಿ ರಾಬ್ಸನ್‌ನ ಮಗುವಿದ್ದಾಗ ಕಟ್ಟಿದ್ದೂ ಒಂದಿತ್ತು. ಬಸುರಿ ವೇದಿಕೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲವೆಂದು ಅವಳನ್ನು ತಂಡದಿಂದ ಕಳಿಸಿದವನು ಅವನೇ. ಆ ಮಗು ಉಳಿಯಲಿಲ್ಲ.

“ಸಾಯಿಸಿದ್ದಕ್ಕೆ ನಗಬಹುದು, ಬಾ ರೇಡಿಯೋ. ಇದಕ್ಕೆ ನಗೋಕಾಗಲ್ಲ. ತಿದ್ದು.”

“ತಿದ್ತೀನಿ.”

“ದೇವರಾಣೆ?”

“ದೇವರಾಣೆ.”

ಹೋಗುವಾಗ ಹಳೆಯ ಪತ್ರಿಕೆಯಲ್ಲಿ ಒಂದು ಬೊಗಸೆ ಕಪೆಂಟಾ ಮೀನು ಕಟ್ಟಿ ಜಗಲಿಯ ಮೇಲೆ ಇಟ್ಟು ಹೋದಳು.

ಮಾರನೆಯ ದಿನವೇ ನಾನು ರಾಬ್ಸನ್‌ನ ಮನೆಗೆ ಹೋದೆ. ಅವನು ಹಿತ್ತಲಿನಲ್ಲಿ ಬನಿಯನ್ ತೊಟ್ಟು ಕೂತು ಗಿಟಾರಿಗೆ ಹೊಸ ತಂತಿ ಹಾಕುತ್ತಿದ್ದ.

“ಡೈಲೆಸ್ ಬದುಕಿದಾಳೆ!”

“ಹೌದು. ಅದಕ್ಕೇನೀಗ?”

“ನಿನಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಅವಳ ಹತ್ರಾನೇ ಮೀನು ತಗೋತೀನಿ. ಅಳತೆ ಮೋಸ ಮಾಡಲ್ಲ, ಒಳ್ಳೆ ಹೆಂಗಸು.” ತಂತಿಯನ್ನು ಬಿಗಿ ಮಾಡಿ ಮಿಡಿದು ನೋಡಿದ. “ಬದುಕಿದಾಳೆ ಅಂದಿದ್ರೆ ಅವಳ ಸಹಿ ಬೇಕು. ಅದು ನನ್ನ ಹಾಡು, ಇದು ನನ್ನ ಹಾಡು ಅಂತ ಜಗಳ ತೆಗೀತಾಳೆ. ಆ ಬಿಳಿ ಮುಸುಂಗು ಹೆದರಿ ಎದ್ದು ಹೋಗ್ತಾನೆ. ಸತ್ತಿದಾಳೆ ಅಂದೆ, ನೋಡು, ಹೊದಿಕೆ ಮೇಲೆ ದೇವತೆ ಥರ ನಿಲ್ಸಿದಾನೆ. ನನ್ನಿಂದ ಅವಳಿಗೆ ಒಳ್ಳೇದೇ ಆಯ್ತಲ್ಲ?”

“ನಾನು ಹೆನ್ರಿಕ್‌ಗೆ ಕಾಗದ ಬರೀತೀನಿ, ರಾಬ್ಸನ್.”

“ಬರಿ, ಬರಿ.” ಅವನು ಗಿಟಾರನ್ನು ಬದಿಗಿಟ್ಟು ನನ್ನನ್ನೇ ನೋಡಿದ. “ಅವನು ವಾಪಸ್ ಕೇಳ್ತಾನೆ. ಮಿಸ್ಟರ್ ಕಸೊಂಡೆ, ಹಾಗಾದ್ರೆ ಆವತ್ತು ನೀವು ಹೊತ್ತದ್ದು ಯಾರನ್ನ ಅಂತ. ಏನು ಹೇಳ್ತೀಯ? ನಾನು ಸತ್ತಳು ಅಂತ ಮಾತ್ರ ಹೇಳಿದೆ, ಅಣ್ಣ. ಯಾರೋ ಹೇಳಿದ್ದು ಕೇಳಿದ್ದೆ, ಸುಳ್ಳಾಯ್ತು ಅಂದ್ರೆ ನಾನು ಪಾರು. ಪೆಟ್ಟಿಗೆ ಹೊತ್ತವನು ನೀನು. ಮಳೆ ತರಿಸಿದವನೂ ನೀನೇ.”

ರಾಬ್ಸನ್ ಮತ್ತೆ ಗಿಟಾರ್ ಎತ್ತಿಕೊಂಡ.

“ಜೂನ್‌ನಲ್ಲಿ ಸಿನಿಮಾ ತೆಗೆಯೋಕೆ ಬರ್ತಿದಾರೆ. ಸಮಾಧಿ ಹತ್ರ ನೀನು ನಿಂತು ಮಾತಾಡ್ಬೇಕಂತೆ. ನಿನ್ನ ದನಿ ಅವನಿಗೆ ಬಹಳ ಹಿಡಿಸಿದೆ. ಸೂಟ್ ಇಸ್ತ್ರಿ ಮಾಡಿಸ್ಕೋ.”

ಕಾಗದ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಹವಾಮಾನ, ಆರೋಗ್ಯ ಬರೆದು ಮಡಚಿಟ್ಟೆ.

ನಮ್ಮಲ್ಲಿ ಜೂನ್ ಎಂದರೆ ಚಳಿಗಾಲ. ಆ ತಿಂಗಳ ಒಂದು ಬೆಳಗ್ಗೆ ಹೆನ್ರಿಕ್, ಕ್ಯಾಮೆರಾ ಹಿಡಿದ ಉಟೆ ಎಂಬ ಹೆಂಗಸು, ರಾಬ್ಸನ್, ನಾನು ಸ್ಮಶಾನಕ್ಕೆ ಹೋದೆವು. ಹೆಸರು ಅಳಿಸಿಹೋದ ಒಂದು ಸಿಮೆಂಟಿನ ಸಮಾಧಿಯನ್ನು ರಾಬ್ಸನ್ ಆರಿಸಿಟ್ಟಿದ್ದ, ಹುಲ್ಲು ಕೀಳಿಸಿ ಸುಣ್ಣ ಬಳಿಸಿದ್ದ. ನಾನು ಸೂಟು ತೊಟ್ಟು ನಿಂತು ಒಂಬತ್ತನೆಯ ಪುಟವನ್ನು ಬಾಯಿಪಾಠ ಹೇಳಿದೆ. ಗಾಳಿಯ ಸದ್ದು ಬಂತೆಂದು ಮೂರು ಸಲ ಹೇಳಿಸಿದರು. ಮೂರನೆಯ ಸಲ ಉಟೆ ಕಣ್ಣೊರಸಿಕೊಂಡಳು.

ಆಗ ಡೈಲೆಸ್ ಬಂದಳು. ಹೊಸ ಚಿಟೆಂಗೆ ಉಟ್ಟಿದ್ದಳು, ಕೂದಲು ಹೆಣೆಸಿಕೊಂಡಿದ್ದಳು. ಕೈಯಲ್ಲಿ ಒಂದು ಹಳೆಯ ಫೋಟೋ, ಗುರುತಿನ ಚೀಟಿ. ಯಾರು ಹೇಳಿದರೋ ತಿಳಿಯದು. ಇಂಥ ಸುದ್ದಿ ಮಾರುಕಟ್ಟೆಗೆ ಮೊದಲು ಮುಟ್ಟುತ್ತದೆ. ನೇರವಾಗಿ ಹೆನ್ರಿಕ್‌ನ ಮುಂದೆ ನಿಂತು, ಒಡಕು ಇಂಗ್ಲಿಷಿನಲ್ಲಿ, “ನಾನು ವೈಲೆಟ್. ನಾನು ಸತ್ತಿಲ್ಲ,” ಎಂದಳು.

ಹೆನ್ರಿಕ್ ಚೀಟಿ ನೋಡಿದ. ಅದರಲ್ಲಿ ಡೈಲೆಸ್ ಎಂದಿತ್ತು, ವೈಲೆಟ್ ಎಂದಿರಲಿಲ್ಲ. ಫೋಟೋ ಅವನ ಹೊದಿಕೆಯ ಮೇಲಿದ್ದದ್ದೇ, ಯಾರ ಕೈಯಲ್ಲಾದರೂ ಇರಬಹುದಾದದ್ದು.

ರಾಬ್ಸನ್ ಅವಳ ಬಳಿ ಬಂದು ಭುಜದ ಸುತ್ತ ಕೈ ಹಾಕಿದ. ಅಷ್ಟು ಮೃದುವಾಗಿ ಅವನು ಮಾತಾಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. “ವೈಲೆಟ್‌ಳ ಅಕ್ಕ ಇವಳು, ಹೆನ್ರಿಕ್. ತಂಗಿ ಹೋದ ಮೇಲೆ ತಲೆ ಸರಿಯಿಲ್ಲ. ತಾನೇ ಅವಳು ಅಂತಾಳೆ. ಊರವರು ಏನೂ ಅನ್ನಲ್ಲ, ಪಾಪ.”

ಡೈಲೆಸ್ ಅವನ ಕೈಯನ್ನು ಕೊಡವಿ ಹಾಕಿದಳು. “ಕೈ ತೆಗೆಯೋ, ಕಳ್ಳ! ಹಾಡ್ತೀನಿ, ಕೇಳ್ಲಿ. ಕಿವಿ ಇದೆಯಲ್ಲ ಇವನಿಗೆ.”

ಹಾಡಿದಳು. ಆಲ್ಬಮ್ಮಿನ ಮೊದಲ ಹಾಡು, ಅಪ್ಪನಿಗಾಗಿ ಗೇಟಿನಲ್ಲಿ ಕಾಯುತ್ತ ಕಟ್ಟಿದ್ದು. ಮೂವತ್ತೈದು ವರ್ಷ ಇದ್ದಿಲ ಒಲೆಯ ಹೊಗೆ ಕುಡಿದ, ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಸವೆದ ಗಂಟಲು. ಕೆಳಗಿನ ಸ್ವರಗಳಲ್ಲಿ ಏನೋ ಇತ್ತು, ನನಗೆ ಕೇಳಿಸಿತು. ಮೇಲೆ ಏರಬೇಕಾದಲ್ಲಿ ದನಿ ಹರಿದ ಬಟ್ಟೆಯ ಹಾಗೆ ಎರಡಾಯಿತು. ಹೆನ್ರಿಕ್ ಆ ಹಾಡನ್ನು ಸಾವಿರ ಸಲ ಕೇಳಿದ್ದವನು. ಕಣ್ಣು ಮುಚ್ಚಿ ಕೇಳಿದ. ಕಣ್ಣು ತೆರೆದಾಗ ಅದರಲ್ಲಿ ಕನಿಕರ ಬಿಟ್ಟರೆ ಬೇರೇನೂ ಇರಲಿಲ್ಲ.

ಆದರೂ ಅವನು ನನ್ನ ಕಡೆ ತಿರುಗಿದ. “ಮಿಸ್ಟರ್ ಕಸೊಂಡೆ, ನಿಮಗೆ ಅವಳ ಪರಿಚಯ ಇತ್ತಲ್ಲ. ನೀವು ಹೇಳಿ.”

ಡೈಲೆಸ್ ನನ್ನನ್ನು ನೋಡಿದಳು. ಬೇಡಿಕೊಳ್ಳುವ ನೋಟವಾಗಿದ್ದರೆ ನನಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಅವಳ ಮುಖದಲ್ಲಿ ನಿರಾಳವಿತ್ತು. ನಾನು ಅಲ್ಲಿಗೆ ಬಂದಿರುವುದೇ ತಿದ್ದುವುದಕ್ಕೆ ಎಂದುಕೊಂಡಿದ್ದಳು.

“ಅಕ್ಕ ಇರಬೇಕು,” ಎಂದೆ. “ಹೋಲಿಕೆ ಇದೆ.”

ರೇಡಿಯೋದಲ್ಲಿ ವಾರ್ತೆ ಓದುವಾಗ ಬರುತ್ತಿದ್ದ ದನಿ ಬಂತು. ಒಂದಿಷ್ಟೂ ನಡುಗಲಿಲ್ಲ.

“ಬಾ ರೇಡಿಯೋ,” ಎಂದಳು ಡೈಲೆಸ್.

ಉಟೆಗೆ ಮಾತ್ರ ಒಂದು ಉಪಾಯ ಹೊಳೆದಿತ್ತು. ಅಕ್ಕ ಸಮಾಧಿಯ ಮೇಲೆ ಕೈಯಿಟ್ಟು ತಂಗಿಯ ಹಾಡು ಹಾಡಿದರೆ ಚಿತ್ರಕ್ಕೆ ಎಷ್ಟು ಚೆನ್ನ ಎಂದಳು. ಡೈಲೆಸ್ ಒಪ್ಪಲಾರಳು ಎಂದುಕೊಂಡೆ. ಅವಳು ಒಪ್ಪಿದಳು. ಈ ಸಲ ಚೆನ್ನಾಗಿ ಹಾಡಿದರೆ ನಂಬುತ್ತಾರೆ ಎಂದು ಅವಳಿಗೆ ಅನ್ನಿಸಿತ್ತು. ಗಂಟಲು ಸರಿಮಾಡಿಕೊಂಡು, ಎದೆ ನೆಟ್ಟಗೆ ಮಾಡಿಕೊಂಡು, ಯಾರದೋ ಗೋರಿಯ ಮೇಲೆ ಕೈಯಿಟ್ಟು ನಾಲ್ಕು ಸಲ ಹಾಡಿದಳು. ಪ್ರತಿ ಸಲವೂ ಅದೇ ಜಾಗದಲ್ಲಿ ದನಿ ಒಡೆಯಿತು. ಪ್ರತಿ ಸಲವೂ ರಾಬ್ಸನ್ ಚಪ್ಪಾಳೆ ತಟ್ಟಿದ. ಕೊನೆಗೆ ಹೆನ್ರಿಕ್ ಅವಳನ್ನು ಅಪ್ಪಿಕೊಂಡು, “ನಿಮ್ಮ ತಂಗಿ ಅದ್ಭುತ,” ಎಂದ.

ಮುಂದಿನ ಗುರುವಾರ ಬೆಳಗ್ಗೆ ಏಳಕ್ಕೆ ನಮ್ಮ ಅಂಗಳದಲ್ಲಿ ಎದೆ ಬಡಿದುಕೊಂಡು ಅಳುವ ಸದ್ದು ಕೇಳಿಸಿತು. ಮಾರುಕಟ್ಟೆಯ ಹನ್ನೊಂದು ಹೆಂಗಸರು ಚಾಪೆ ಹಾಸಿಕೊಂಡು ನೆಲದ ಮೇಲೆ ಕೂತಿದ್ದರು. “ಅಯ್ಯೋ ಡೈಲೆಸ್, ಎಲ್ಲಿಗೆ ಹೋದೆ ನಮ್ಮವ್ವಾ!” ನಡುವೆ ತಲೆಯ ಮೇಲೆ ಬಟ್ಟೆ ಹೊದ್ದು ಡೈಲೆಸ್ ಕೂತಿದ್ದಳು. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವಳು ಅವಳೇ. ನೆರೆಹೊರೆಯವರು ಸಾಂತ್ವನ ಹೇಳಲು ಓಡಿಬಂದು, ಯಾರು ಸತ್ತರೆಂದು ತಿಳಿಯದೆ ಗೇಟಿನಲ್ಲಿ ನಿಂತರು.

ಲಿಸ್ಟರ್ ಸೌಟು ಹಿಡಿದೇ ಹೊರಗೆ ಬಂದಳು. “ಏನಿದು, ಮಾಯೋ?”

“ಸಾವಿನ ಮನೆಯವರು ಅಳೋಕೆ ಬಂದವರಿಗೆ ಅಡುಗೆ ಮಾಡಿ ಹಾಕೋದು ನಮ್ಮ ಪದ್ಧತಿ ಅಲ್ವೇ, ತಂಗಿ?” ಎಂದಳು ಡೈಲೆಸ್. “ನಿನ್ನ ಗಂಡ ನನ್ನ ಹೂತು ಇಪ್ಪತ್ತು ವರ್ಷದ ಮೇಲಾಯ್ತು. ಬಂದವರಿಗೆ ಇನ್ನೂ ಊಟ ಹಾಕಿಲ್ಲ.”

ಅವಳ ಬಾಯಿಂದ ಎಲ್ಲ ಕೇಳಿದ ಮೇಲೆ ಲಿಸ್ಟರ್ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು. “ತೊಂಬತ್ತೊಂದರ ಮಾರ್ಚಾ? ಮಲೇರಿಯಾ ಬಂದು ಮಲಗಿದ್ಯಲ್ಲ ವೆಡ್ಸನ್. ಎದ್ದು ಪಾಯಿಖಾನೆಗೆ ಹೋಗೋಕೂ ನಾನು ಹೆಗಲು ಕೊಡ್ತಿದ್ದೆ. ನೀನು ಯಾರಿಗೆ ಕೊಟ್ಟೆ?”

ಬೀದಿಯೇ ನಕ್ಕಿತು. ಲಿಸ್ಟರ್ ಒಳಗೆ ಹೋಗಿ ದೊಡ್ಡ ಪಾತ್ರೆ ಇಟ್ಟು ಜೋಳದ ಹಿಟ್ಟಿನ ನ್ಶಿಮಾ ಮುದ್ದೆ ತೊಳಸಿದಳು, ಹುರುಳಿ ಬೇಯಿಸಿದಳು. ಎರಡು ದಿನ ಅವರಿಗೆ ಬಡಿಸಿದಳು, ನನಗೆ ಬಡಿಸಲಿಲ್ಲ. ಹೆಂಗಸರು ನನ್ನ ಮೇಲೆ ಪದ ಕಟ್ಟಿ ಹಾಡಿದರು. ಮಕ್ಕಳು ಅದನ್ನು ಕಲಿತು ಕಿಟಕಿಯ ಕೆಳಗೆ ಬಂದು ಹಾಡಿದರು. ನಾನು ಒಳಗೆ ಚಿಲಕ ಹಾಕಿಕೊಂಡು ಮಲಗಿದೆ.

ಮೂರನೆಯ ದಿನ, ನಮ್ಮಿಂದ ಮೂರನೆಯ ಮನೆಯ ಏಳು ತಿಂಗಳ ಕೂಸು ಜ್ವರ ಬಂದು ಸತ್ತಿತು.

ಬೀದಿಯ ನಗು ಅಲ್ಲಿಗೆ ನಿಂತಿತು. ಹೆಣವಿಲ್ಲದೆ ಅತ್ತರೆ ಸಾವು ಹೆಣ ಹುಡುಕಿಕೊಂಡು ಬರುತ್ತದೆ ಎಂದು ಯಾರೋ ಅಂದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಅದನ್ನೇ ಅನ್ನುತ್ತಿದ್ದರು. ಜೊತೆಗೆ ಬಂದ ಹನ್ನೊಂದು ಹೆಂಗಸರು ಒಬ್ಬೊಬ್ಬರಾಗಿ ಚಾಪೆ ಸುತ್ತಿಕೊಂಡು ಜಾಗ ಖಾಲಿ ಮಾಡಿದರು. ಕೂಸಿನ ಅಪ್ಪ, ಇನ್ನಷ್ಟು ಗಂಡಸರು, ಅವರ ಮುಂದೆ ಬೀದಿಯ ಮುಖಂಡ, ನಮ್ಮ ಅಂಗಳಕ್ಕೆ ಬಂದರು. ಡೈಲೆಸ್ ಒಬ್ಬಳೇ ಕೂತಿದ್ದಳು.

“ಬಾ ರೇಡಿಯೋ, ಹೊರಗೆ ಬನ್ನಿ,” ಎಂದು ಮುಖಂಡ ಕರೆದ. “ಓದಿದವರು ನೀವು. ನೆಟ್ಟಗೆ ಹೇಳಿ. ಡೈಲೆಸ್ ಚಿತಾಲು ಸತ್ತದ್ದು ಹೌದೋ, ಅಲ್ವೋ?”

ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮುದುಕನೊಬ್ಬ ಸುಳ್ಳು ಬರೆದ, ಹೆಂಗಸೊಬ್ಬಳು ಅವನ ಮಾನ ಕಳೆಯಲು ಬಂದಳು ಎಂದು ಬೈದುಕೊಂಡು ಮನೆಗೆ ಹೋಗುತ್ತಿದ್ದರು. ಮೂರು ದಿನ ಅವಳ ಪದ ಕೇಳಿದ ನನ್ನ ಕಿವಿ ಇನ್ನೂ ಉರಿಯುತ್ತಿತ್ತು.

“ಸತ್ತದ್ದು ಹೌದು,” ಎಂದೆ. “ನಾನೇ ಹೂತಿದ್ದೇನೆ. ಇಲ್ಲಿ ಕೂತಿರೋದು ಏನು ಅಂತ ನನಗೆ ಗೊತ್ತಿಲ್ಲ.”

ಗುಂಪು ಹಿಂದಕ್ಕೆ ಸರಿಯಿತು. ಯಾರೂ ಅವಳನ್ನು ಮುಟ್ಟಲಿಲ್ಲ, ಹೊಡೆಯಲಿಲ್ಲ. ಅವಳು ಎದ್ದು ನಿಂತಾಗ ದಾರಿ ಬಿಟ್ಟರು. ತಾಯಂದಿರು ಮಕ್ಕಳ ಮುಖವನ್ನು ಚಿಟೆಂಗೆಯಲ್ಲಿ ಮುಚ್ಚಿದರು. ಡೈಲೆಸ್ ಒಬ್ಬೊಬ್ಬರ ಮುಖ ನೋಡಿದಳು. ಕೂಸಿನ ಅಪ್ಪನಿಗೆ, “ನಿನ್ನ ಕೂಸು ಹೋದದ್ದಕ್ಕೆ ನನಗೂ ಸಂಕಟ ಆಗಿದೆ, ಮಗನೇ,” ಎಂದಳು. ಅವನು ಉಗಿದ.

ಚಿಸೊಕೊನೆಯಲ್ಲಿ ಅವಳ ಎಡಬಲದ ಅಂಗಡಿಯವರು ಜಾಗ ಬದಲಾಯಿಸಿದರು. ಸತ್ತವಳ ಕೈಯ ಮೀನು ಯಾರಿಗೂ ಬೇಡವಾಯಿತು. ಒಂದು ತಿಂಗಳು ಕೂತು ನೋಡಿದಳು. ಮೀನು ಹುಳ ಹಿಡಿಯಿತು. ಕೊನೆಗೆ ಸೊಲ್ವೆಜಿಯಲ್ಲಿರುವ ಮಗಳ ಮನೆಗೆ ಬಸ್ಸು ಹತ್ತಿದಳು. ಬಸ್‌ಸ್ಟ್ಯಾಂಡಿಗೆ ಹೋಗಿ ಕಳಿಸಿಕೊಟ್ಟವಳು ಲಿಸ್ಟರ್ ಒಬ್ಬಳೇ. ಅಲ್ಲಿಂದ ಅವಳು ಮನೆಗೆ ಬರಲಿಲ್ಲ, ಮುಫುಲಿರಾದ ಅಣ್ಣನ ಮನೆಗೆ ಹೋದಳು. ಬಟ್ಟೆ ತರಿಸಿಕೊಳ್ಳಲು ಅತ್ತಿಗೆಯನ್ನು ಕಳಿಸಿದಳು.

ರಾಬ್ಸನ್ ಈಗ ವರ್ಷಕ್ಕೆರಡು ಸಲ ಯುರೋಪಿಗೆ ಹೋಗುತ್ತಾನೆ. ಡೈಲೆಸ್‌ಳ ಹಾಡುಗಳನ್ನು ಅಲ್ಲಿಯ ಒಬ್ಬ ಎಳೆಯ ಹುಡುಗಿ ಹಾಡುತ್ತಾಳಂತೆ, ಮೇಲಿನ ಸ್ವರ ಸಲೀಸಾಗಿ ಮುಟ್ಟುತ್ತಾಳಂತೆ. ಆ ಸಿನಿಮಾವನ್ನು ನಾನು ನೋಡಿದೆ. ಗೋರಿಯ ಮೇಲೆ ಕೈಯಿಟ್ಟು ಹಾಡುವ ಹೆಂಗಸು ಒಂದು ನಿಮಿಷಕ್ಕಿಂತ ಕಡಿಮೆ ಬರುತ್ತಾಳೆ. ಕೆಳಗೆ ಅವಳ ಹೆಸರಿಲ್ಲ.

ಚಳಿಗಾಲದಲ್ಲಿ ಆ ಆಲ್ಬಮ್ ಕೇಳಿ ಪ್ರೀತಿಸಿದವರು ಒಬ್ಬಿಬ್ಬರು ದೂರದಿಂದ ಬರುತ್ತಾರೆ. ಹೆನ್ರಿಕ್ ನನ್ನ ವಿಳಾಸ ಕೊಟ್ಟಿರುತ್ತಾನೆ. ನಾನು ಸೂಟು ಹಾಕಿಕೊಂಡು ಅವರನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಕಳೆದ ಆಗಸ್ಟ್‌ನಲ್ಲಿ ಹಾಲೆಂಡಿನ ಒಂದು ಜೋಡಿ ಬಂದಿತ್ತು. ಹುಡುಗಿ ಹಳದಿ ಹೂವು ತಂದಿದ್ದಳು. ಸಮಾಧಿಯ ಮುಂದೆ ಮಂಡಿಯೂರಿ ಬಹಳ ಹೊತ್ತು ಅತ್ತಳು. ಅವಳು ಏಳುವವರೆಗೂ ಕಾದು, ಆಮೇಲೆ ಅವಳಿಗೆ ಕುಡಿಯಲು ನೀರು ಕೊಟ್ಟೆ.